ಅಜ್ಜಿಗೆ ಹೊದಿಸಿದ ಶಾಲು

ತೀರಿಕೊಂಡವರನ್ನು ಎಲ್ಲರೂ ಇಡುವ ಹಾಗೆ ನಾವೂ ಅಜ್ಜಿಯನ್ನು ಅವಳ ದನಿ, ನೆನಪುಗಳ ಸಮೇತ ನಡುಮನೆಯ ಕಂಪ್ಯೂಟರಿನ ಎಸ್‌ಎಸ್‌ಡಿ ಎಂಬ ನೆನಪಿನ ಬಿಲ್ಲೆಯಲ್ಲಿ ಇಟ್ಟಿದ್ದೆವು. ಆಯುಧಪೂಜೆ ಕಳೆದ ಮೇಲೆ ಅವಳ ಮಾತು ನಿಧಾನವಾಯಿತು. ಕಥೆಯ ರಾಜಕುಮಾರ ಕುದುರೆ ಹತ್ತುವಷ್ಟರಲ್ಲಿ ನನ್ನ ಊಟ ಮುಗಿದು ಎಂಜಲು ಕೈ ಒಣಗುತ್ತಿತ್ತು.

ಅಜ್ಜಿಯ ಕಿರಿಮಗ ಗುರುಪಾದ ಚಿಕ್ಕಪ್ಪ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಆಮೇಲೆ ಪೆಟ್ಟಿಗೆಗೆ ಎರಡೇಟು ಹಾಕಿದ. ಅವನ ಕಂಪ್ಯೂಟರ್ ವಿದ್ಯೆ ಅಲ್ಲಿಗೆ ಮುಗಿಯಿತು.

"ಮುದುಕಿಗೆ ಅರಳುಮರಳು. ಅಳಿಸಿಬಿಡ್ತೀನಿ. ಆ ಜಾಗದಲ್ಲಿ ನನ್ನ ಅರವತ್ತರ ಶಾಂತಿ ವಿಡಿಯೊ ಹಾಕೋಣ," ಎಂದು ಮೌಸ್ ಹಿಡಿದ.

"ಸ್ವಲ್ಪ ತಡಿ ಚಿಕ್ಕಪ್ಪ," ಎಂದು ನಾನು ಜ್ವರ ನೋಡುವ ಹಾಗೆ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಕಾದ ಕಾವಲಿಯ ಹಾಗಿತ್ತು. ಪೂಜೆಯ ದಿನ ಚಿಕ್ಕಮ್ಮ ಹೊದಿಸಿದ್ದ ರೇಷ್ಮೆ ಶಾಲು ಇನ್ನೂ ಅದರ ಮೈತುಂಬ ಇತ್ತು.

"ತೆಗೀಬೇಡ ಕಣೇ. ಬಂದೋರು ನೋಡ್ತಾರೆ, ಎಷ್ಟು ಗೌರವದಿಂದ ಇಟ್ಕೊಂಡಿದೀವಿ ಅಂತ," ಎಂದಳು ಚಿಕ್ಕಮ್ಮ.

ತೆಗೆದೆ. ಗಾಳಿಯ ಕಿಂಡಿಗಳಲ್ಲಿ ಚೆಂಡುಹೂವಿನ ಎಸಳು ಮೆತ್ತಿಕೊಂಡಿದ್ದವು. ಅವನ್ನು ಕೆರೆದು ಬಿಸಾಡಿದೆ. ಒಳಗಿನ ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಪೆಟ್ಟಿಗೆ ತಣ್ಣಗಾಯಿತು, ಅಜ್ಜಿ ಒಂದೇ ಉಸಿರಿಗೆ ಮಾತಾಡಿದಳು.

"ಗುರುಪಾದ, ಬದುಕಿದ್ದಾಗ ಚಳಿಗೆ ಒಂದು ಕಂಬಳಿ ಕೇಳಿದ್ದೆ. ನೀನು ಹಳೇ ಗೋಣಿ ತಂದು ಹೊದಿಸಿದ್ದೆ. ಈಗ ನನಗೆ ಚಳಿಯೇ ಇಲ್ಲ, ರೇಷ್ಮೆ ಹೊದಿಸ್ತೀಯ. ಅಳಿಸೋದಾದ್ರೆ ಅಳಿಸು, ನೆಂಟರಿಗೆಲ್ಲ ಈ ಗೋಣಿ ಕಥೆ ಕಳಿಸಿಯೇ ಹೋಗ್ತೀನಿ."

ಚಿಕ್ಕಪ್ಪ ಮೌಸ್ ಬಿಟ್ಟ. ಶಾಲನ್ನು ಮಾತ್ರ ಬಿಡಲಿಲ್ಲ. ನೀಟಾಗಿ ಮಡಿಸಿ, ತನ್ನ ಅರವತ್ತರ ಶಾಂತಿಗೆ ಅಂತ ಒಳಗೆ ಒಯ್ದ.