ಭೀಮವ್ವನ ಹರಕೆ

ಪುಣೆಯ ಮಗರಪಟ್ಟಾ ಸಿಗ್ನಲ್ ದಾಟುತ್ತಿದ್ದಂತೆ ಶಂಕ್ರೆಪ್ಪನ ಮೀನಖಂಡ ಹಿಡಿದುಕೊಂಡಿತು. ಇಲ್ಲಿ ನಿಂತರೆ ಕೆಟ್ಟೆ! ಪಕ್ಕದಲ್ಲಿ ಹೆಂಡತಿ ಭೀಮವ್ವ ಬರಿಗಾಲಲ್ಲಿ, ಅವನ ಹೆಜ್ಜೆಯನ್ನೇ ನೋಡುತ್ತ ಬರುತ್ತಿದ್ದಳು.

“ನೋಯ್ತದೇನ್ರಿ?”

“ಇಲ್ಲ. ನೀ ನಡಿ.”

ಸುಳ್ಳು. ಅರಿವೆ ಗಟ್ಟಿ ಎಂದು ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷ ಗಿರಾಕಿಗಳೆದುರು ಆಣೆ ಹಾಕಿದವನಿಗೆ ಇದೊಂದು ಸುಳ್ಳು ಹೆಚ್ಚೇ?

ಕಳೆದ ವರ್ಷ ಅವನ ಬಲಗಾಲಿಗೆ ರಕ್ತ ಹರಿಯುವುದೇ ನಿಂತಿತ್ತು. ಡಾಕ್ಟರು ಕಾಲು ತೆಗೆಯುವ ಮಾತಾಡಿದ್ದರು. ಆಗಲೇ ಭೀಮವ್ವ ಸಿದ್ಧಾರೂಢ ಅಜ್ಜನಿಗೆ ಹರಕೆ ಹೊತ್ತಳು: ಕಾಲು ಉಳಿದು, ಗಂಡ ಮನೆಯಿಂದ ಇಲ್ಲಿನ ಅಜ್ಜನ ಗುಡಿಯವರೆಗೆ ಎಲ್ಲೂ ನಿಲ್ಲದೆ ನಡೆಯುವ ತನಕ ತಾನು ಚಪ್ಪಲಿ ಮೆಟ್ಟುವುದಿಲ್ಲ. ಕಾಲಿನ ರಕ್ತನಾಳಕ್ಕೆ ಬೈಪಾಸ್ ಆಯಿತು, ಕಾಲು ಉಳಿಯಿತು. ಅಂಗಡಿಗೂ ಹೋಗತೊಡಗಿದ. ಆದರೆ ಗುಡಿಯ ದಾರಿಯಲ್ಲಿ ಮಾತ್ರ ಪ್ರತಿ ಸಲವೂ ಎಲ್ಲೋ ಒಂದು ಕಡೆ ನಿಂತೇಬಿಡುತ್ತಿದ್ದ. ಹೀಗೆ ಹತ್ತು ತಿಂಗಳು.

ಅವನ ಕಾಲಿನ ಚಾಕರಿಯೂ ಅವಳದೇ. ಪಾದ ಬೆಚ್ಚಗಿರಬೇಕು, ತಣ್ಣಗಾದರೆ ಅಪಾಯ ಎಂದು ಡಾಕ್ಟರು ಹೇಳಿದ್ದರಿಂದ ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದಳು. ತನ್ನ ಸಕ್ಕರೆ ಕಾಯಿಲೆಯ ಗುಳಿಗೆ ಮರೆತಾಳು, ಇದನ್ನು ಮರೆಯಳು. ಇಂಥವಳಿಗೆ ತಾನು ಕೊಟ್ಟಿದ್ದು ಕಾದ ಡಾಂಬರು ರಸ್ತೆಯನ್ನಲ್ಲವೇ ಎಂದು ಶಂಕ್ರೆಪ್ಪ ತನ್ನನ್ನೇ ಬೈದುಕೊಳ್ಳುತ್ತಿದ್ದ. ಇವತ್ತು ಏನೇ ಆಗಲಿ, ಅವಳ ಕಾಲಿಗೆ ಚಪ್ಪಲಿ ಹಾಕಿಸಲೇಬೇಕು.

ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು.

“ಸುಡೂದಿಲ್ಲೇನು ನಿನಗ?”

“ಮೊದಲ ಭಾಳ ಸುಡತಿತ್ರಿ. ಈಗ ಏನೂ ಅನ್ಸೂದಿಲ್ಲ. ಅಜ್ಜ ಕಾಯ್ತಾನ.”

ಎಂಥ ಭಕ್ತಿ ಇವಳದು! ಶಂಕ್ರೆಪ್ಪ ಹಲ್ಲು ಕಚ್ಚಿ ನಡೆದ. ಬಸ್‌ ಸ್ಟಾಪು, ಕಬ್ಬಿನಹಾಲು ಮಾರುವ ರಸವಂತಿಯ ಗಾಣ, ಹೂವಿನವರ ಸಾಲು. ಕಣ್ಣಲ್ಲಿ ನೀರು ತುಂಬಿದರೂ ಕಾಲು ನಿಲ್ಲಲಿಲ್ಲ. ಕೊನೆಗೆ ಗುಡಿಯ ಕಟ್ಟೆಗೆ ಕೈ ತಾಗಿತು.

ಭೀಮವ್ವ ಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಶಂಕ್ರೆಪ್ಪ ಚೀಲದಿಂದ ಹೊಸ ಚಪ್ಪಲಿ ತೆಗೆದು ಅವಳೆದುರು ನೆಲದ ಮೇಲೆ ಕೂತ.

“ಅಯ್ಯ, ಬಿಡ್ರಿ! ಗಂಡ ಆದವರು ಹೆಂಡತಿ ಕಾಲು ಮುಟ್ಟಬಾರದು.”

ಇಷ್ಟು ವರ್ಷದ ಸಂಸಾರದಲ್ಲಿ ಅವನು ಒಮ್ಮೆಯೂ ಮುಟ್ಟಿರಲಿಲ್ಲ.

“ಇವತ್ತೊಂದಿನ ಸುಮ್ನಿರು,” ಎಂದು ನಗುತ್ತ ಸೀರೆಯ ಅಂಚು ಸರಿಸಿ, ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಅವಳ ಕಾಲ್ಬೆರಳಿಗೆ ಹತ್ತಿದ್ದು ಡಾಂಬರೆಂದು ಒರೆಸಿದ. ಆ ಕಪ್ಪು ಹೋಗಲಿಲ್ಲ, ಕಾದ ರಸ್ತೆ ತುಳಿದು ಬಂದ ಪಾದ ತಣ್ಣಗೆ ಕೊರೆಯುತ್ತಿತ್ತು.