ಬಸ್ಸು ತಪ್ಪಿದ ಊರು

“ಆ ರಾತ್ರಿಯ ಸುದ್ದಿ ಎತ್ತಿದಿರೋ, ನೋಡಿ ಮತ್ತೆ!”

ಉಮಾವತಿ ಅಂಜಲ್ ಮೀನಿನ ತುಂಡನ್ನು ಕಾವಲಿಗೆ ಎಸೆದ ರಭಸಕ್ಕೆ ಎಣ್ಣೆ ಗೋಡೆಗೆ ಹಾರಿತು. ಭೋಜರಾಜ ಎರಡು ಹೆಜ್ಜೆ ಹಿಂದೆ ಸರಿದ. “ಇಲ್ಲ ಮಾರಾಯ್ತಿ, ದೇವರಾಣೆ.”

ದೇವರಾಣೆಯಂತೆ! ಹೋದ ವಾರ ರುಸ್ತಾಕ್ ಪೇಟೆಯಲ್ಲಿ ಗುರುತಾದ ಎಡ್ಮಂಡ್ ಎದುರು ಜಪಾನ್, ಜಪಾನ್ ಎಂದು ಬಾಯಿಬಿಟ್ಟವರು ಯಾರು? ಈಗ ಆತ ಹೆಂಡತಿ ಸಮೇತ ಫೋಟೋ ನೋಡಲು ಅಲ್ ಹೈಲಿನ ಈ ಮನೆಗೇ ಊಟಕ್ಕೆ ಬರುತ್ತಿದ್ದಾನೆ. ಶುಕ್ರವಾರದ ಒಂದು ರಜೆಯೂ ಹಾಳು. ಮಿಕ್ಕಿದ್ದನ್ನು ಬೇಕಾದಷ್ಟು ಒದರಲಿ. ಆದರೆ ಬಸ್ಸು ತಪ್ಪಿದ ಆ ರಾತ್ರಿ, ಆ ಹೆಂಗಸಿನ ಮನೆ, ಅದು ಗಂಡ ಹೆಂಡತಿ ನಡುವೆ ಉಳಿಯಬೇಕಾದ ಮಾತು. ಗ್ಲಾಸು ಹಿಡಿದುಕೊಂಡು ನಗುವುದಕ್ಕಲ್ಲ.

ಗಂಡಸರು ಹಾಲ್‌ನಲ್ಲಿ ಕೂತರು. ಎಡ್ಮಂಡನ ಹೆಂಡತಿ ಬೀಟ್ರಿಸ್ ರೂಢಿಯಂತೆ ಅಡುಗೆಮನೆಗೆ ಬಂದಳು.

“ಕಂಪೆನಿ ಖರ್ಚಾ ಭೋಜರಾಜರೇ?” ಎಡ್ಮಂಡನ ಧ್ವನಿ ಇಲ್ಲಿಗೂ ಕೇಳುತ್ತಿತ್ತು.

“ಮತ್ತೆಂತ! ಟ್ರೈನಿಂಗು ಒಸಾಕಾದಲ್ಲಿ. ರಜೆ ಸಿಕ್ಕಿದರೆ ಸಣ್ಣ ರೈಲು ಹತ್ತುವುದು, ಯಾರೂ ಹೋಗದ ಹಳ್ಳಿಯಲ್ಲಿ ಇಳಿಯುವುದು.”

“ಊರಿನ ಹೆಸರು?”

“ಅದೆಂತದೋ... ನಾಲಗೆಯೇ ಹೊರಳುವುದಿಲ್ಲ ಮಾರಾಯ್ರೇ. ಇಕೋ, ಇದು ಅಲ್ಲಿಯ ಕಬ್ಬಿಣದ ಸೇತುವೆ.”

“ಮರದ್ದು!” ಉಮಾವತಿ ಒಳಗಿನಿಂದಲೇ ಕೂಗಿದಳು.

ಎಡ್ಮಂಡ್ ಗಹಗಹಿಸಿದ. “ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದೀರಿ! ಅಲ್ಲಾ, ಒಂದು ಫೋಟೋದಲ್ಲೂ ನೀವಿಲ್ಲವಲ್ಲ?”

“ಕ್ಯಾಮೆರಾ ಹಿಡಿದವರು ಫೋಟೋದಲ್ಲಿ ಬರ್ತಾರಾ?”

ಬೀಟ್ರಿಸ್ ಈರುಳ್ಳಿ ಹೆಚ್ಚುತ್ತಾ ಕೇಳಿದಳು. “ಆಗ ಇಲ್ಲಿ ಮಕ್ಕಳ ಜೊತೆ ಒಬ್ಬರೇ ಅಂದರೆ ಕಷ್ಟ ಆಗ್ಲಿಲ್ವಾ ಉಮಕ್ಕ?”

“ಆಗದೆ ಏನು? ವಾರವಿಡೀ ಅನ್ನ ತಳ ಹಿಡಿದದ್ದೇ. ಮಗಳ ಜಡೆ ಅಂತೂ ಹಕ್ಕಿಗೂಡು.”

ಹಾಲ್‌ನಲ್ಲಿ ಎರಡನೆಯ ಗ್ಲಾಸು ತುಂಬಿತು. ಭೋಜರಾಜನ ಧ್ವನಿ ಇಳಿಯಿತು. ಉಮಾವತಿಯ ಕೈ ಕಾವಲಿಯ ಮೇಲೆಯೇ ನಿಂತಿತು.

“ಒಂದು ಸಂಜೆ ಕೊನೆಯ ಬಸ್ಸೇ ತಪ್ಪಿತು ಮಾರಾಯ್ರೇ. ಹೊರಗೆ ಹಿಮ. ಒಬ್ಬಳು ಹೆಂಗಸು, ಗಂಡ ಇಲ್ಲದವಳು, ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು. ಬಿಸಿನೀರಿನ ಸ್ನಾನ. ಬೆನ್ನು ತಿಕ್ಕಿದ್ದೂ ಅವಳೇ! ಮಲಗುವುದಕ್ಕೆ ಇದ್ದದ್ದು ಒಂದೇ ಕೋಣೆ...”

“ಅಬ್ಬಾ ಕಳ್ಳ!” ಎಡ್ಮಂಡ್ ತೊಡೆ ತಟ್ಟಿ ನಕ್ಕ. “ಆಮೇಲೆ? ಆಮೇಲೆ?”

“ಆಮೇಲಿನದ್ದು ಹೇಳುವುದಕ್ಕುಂಟಾ? ಖಲಾಸ್!”

ಉಮಾವತಿಯ ಮೈಯೆಲ್ಲ ಉರಿಯಿತು. ಥೂ, ಇವರ ನಾಲಗೆಗೆ ಹುಳ ಬೀಳ! ಬೀಟ್ರಿಸ್ ಮರುಕದಿಂದ ಅವಳ ಭುಜ ಮುಟ್ಟಿದಳು. “ಗಂಡಸರೇ ಹಾಗೆ ಉಮಕ್ಕ. ಕಂಡೂ ಕಾಣದ ಹಾಗೆ ಇದ್ದುಬಿಡಬೇಕು.”

ಆ ಮರುಕವೊಂದು ಬಾಕಿಯಿತ್ತು. ಉಮಾವತಿ ಒಲೆ ಆರಿಸಿ ನೇರ ಹಾಲ್‌ಗೆ ನಡೆದಳು. ಬೀಟ್ರಿಸ್ ಗಾಬರಿಯಿಂದ ಹಿಂದೆಯೇ ಓಡಿದಳು. ಭೋಜರಾಜ ಗ್ಲಾಸು ಕೆಳಗಿಟ್ಟ. “ಉಮಾ, ಬೇಡ...”

“ಅವಳಿಗೆ ಎಂಬತ್ತು ವರ್ಷ, ಎಡ್ಮಂಡರೇ. ಸತ್ತ ಮಗಳ ಹಾಸಿಗೆ ತೆಗೆದು ಹಾಸಿದ ತಾಯಿ ಅವಳು. ಬೆಳಗಾಗುವವರೆಗೂ ಹಿಡಿದ ಕೈ ಬಿಡಲಿಲ್ಲ. ನಗುವುದಕ್ಕೆ ಅದೇ ಸಿಕ್ಕಿತಾ ನಿಮಗೆ?”

ಎಡ್ಮಂಡನ ನಗು ನಿಂತಿತು. ಬೀಟ್ರಿಸ್ ಅವಳ ಕಿವಿಯ ಬಳಿ ಮೆಲ್ಲಗೆ ಹೇಳಿದಳು. “ಹಾಗಂತ ಅವರು ಬಂದು ನಿಮಗೆ ಹೇಳಿದ್ದು ಉಮಕ್ಕ. ಹೆಂಡತಿಯ ಹತ್ತಿರ ಬೇರೆ ಎಂತ ಹೇಳಿಯಾರು?”

“ಅವಳು ಹಿಡಿದದ್ದು ನನ್ನ ಕೈ! ಕಂಪೆನಿ ಜಪಾನಿಗೆ ಕಳಿಸಿದ್ದು ನನ್ನನ್ನು. ಇವರು ಅಲ್ಲಿಯ ನೆಲ ಮೆಟ್ಟಿದವರೇ ಅಲ್ಲ.”