ಡಾಲ್ಫಿನ್ ಕಾಮಾಲೆ

"ನಿಮ್ಮ ಡಾಲ್ಫಿನ್‌ನಿಂದಾನೇ ಕಣಮ್ಮಾ ನಮ್ ಬಿಲ್ಡಿಂಗ್‌ಗೆ ಜಾಂಡೀಸ್ ಬಂದಿರೋದು! ಮೊದ್ಲು ಮನೆ ಖಾಲಿ ಮಾಡಿ," ಎಂದು ಮಾಲೀಕ ಮುನಿಕೃಷ್ಣಪ್ಪ ಜಯಮಾಲಾಳ ಬಾಗಿಲಲ್ಲಿ ನಿಂತು, ಎಲ್ಲ ಬಾಡಿಗೆಯವರಿಗೂ ಕೇಳುವಂತೆ ಗುಡುಗಿದ.

ಪಶುವೈದ್ಯೆ ಜಯಮಾಲಾ ಕಳೆದ ತಿಂಗಳು ಕಾರವಾರದ ದಡದಲ್ಲಿ ಸತ್ತುಬಿದ್ದಿದ್ದ ಡಾಲ್ಫಿನ್‌ನ ಯಕೃತ್ತಿನಲ್ಲಿ ಕಾಮಾಲೆಯ ವೈರಸ್ ಇದೆಯೇ ಎಂದು ಪರೀಕ್ಷಿಸಲು ಹೋಗಿದ್ದಳು. ಅದನ್ನು ಇವನೆದುರು ಬಾಯಿಬಿಟ್ಟದ್ದೇ ತಪ್ಪಾಗಿತ್ತು. ಸ್ವಂತ ಸಂಪಿನೊಳಗೆ ಒಮ್ಮೆಯೂ ಬಗ್ಗಿ ನೋಡದ ಮನುಷ್ಯ ಈಗ ಅರಬ್ಬೀ ಸಮುದ್ರದ ತಳದಲ್ಲಿ ರೋಗದ ಬೇರು ಕಂಡುಬಿಟ್ಟಿದ್ದ!

"ಡಾಲ್ಫಿನ್‌ನಿಂದ ಮನುಷ್ಯರಿಗೆ ಅಂಟುತ್ತಾ ಅಂತ ನಾವಿನ್ನೂ ಹುಡುಕ್ತಾ ಇದೀವಿ. ನೀವು ಆಗ್ಲೇ ಕಂಡುಹಿಡಿದ್ಬಿಟ್ರಾ ಸರ್?" ಎಂದ ಜಯಮಾಲಾ ಒಳಗೆ ಹೋಗಿ, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು ಚಾಚಿದಳು. "ಕಾಯಿಲೆ ಬಿದ್ದ ಕೆಳಗಿನ ಮನೆ ಬಸು ಸಮುದ್ರಾನೇ ನೋಡಿಲ್ಲ. ಅವ್ನು ಕುಡಿದಿದ್ದು ಇದನ್ನ. ನಿಮ್ಮ ಸಂಪಿನ ನೀರೇ, ಕುಡೀರಿ."

ಮೆಟ್ಟಿಲ ಕೆಳಗೆ ಬಸು ಗೋಡೆಗೆ ಒರಗಿ, ಅರಿಶಿನ ಬಳಿದಂಥ ಕಣ್ಣುಗಳಿಂದ ನೋಡುತ್ತಿದ್ದ. ಅಷ್ಟು ಜನರೆದುರು ಸೋಲಲಾಗದೆ ಮುನಿಕೃಷ್ಣಪ್ಪ ಲೋಟ ಕಸಿದುಕೊಂಡು ತುಟಿಗೆ ಒಯ್ದ.

"ಅಯ್ಯೋ, ಕುಡೀಬೇಡ್ರೀ!" ಅವನ ಹೆಂಡತಿ ಪಿಳ್ಳಮ್ಮ ಓಡಿಬಂದು ಕೈ ಹಿಡಿದುಕೊಂಡಳು. "ಅದಕ್ಕೆ ಚರಂಡಿ ನೀರು ಸೇರ್ತಿದೆ ಅಂತ ತಾನೇ ನಾವು ಕ್ಯಾನ್ ನೀರು ತರಿಸ್ತಿರೋದು!"

ಬಸು ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಮಾಲೀಕನ ಕೈಯಿಂದ ಲೋಟ ತೆಗೆದುಕೊಂಡು, ಅಷ್ಟೂ ನೀರನ್ನು ಅವನ ಕಾಲ ಮೇಲೆ ಸುರಿದ.